ತಲೆಯ ಆಪರೇಷನ್ ಆದ ಮೇಲೂ ಇಷ್ಟು ನಗುವುದು ಹೇಗೆ?

"ತಲೆಯನ್ನೇ ತೆರೆದು ಗಡ್ಡೆ ತೆಗೆದಿದ್ದಾರೆ. ಆದರೂ ನೀವು ಇಷ್ಟೊಂದು ನಗುತ್ತೀರಲ್ಲ, ಮೇಡಂ! ಅಷ್ಟು ಧೈರ್ಯ ಎಲ್ಲಿಂದ ಬಂತು?" ಶಾಲೆಯ ಸಹೋದ್ಯೋಗಿಗಳು ಕೇಳುತ್ತಾರೆ, ಮದುವೆಮನೆಯಲ್ಲಿ ಸಿಗುವ ನೆಂಟರು ಕೇಳುತ್ತಾರೆ, ಪೋಷಕರ ಸಭೆಗೆ ಬಂದ ತಾಯಂದಿರು ಸಭೆ ಮುಗಿದ ಮೇಲೆ ಮೆಲ್ಲಗೆ ಹತ್ತಿರ ಬಂದು ಕೇಳುತ್ತಾರೆ. ಅವರ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ನಿಂತ ನಿಲುವಿನಲ್ಲಿ ಹೇಳಿ ಮುಗಿಸುವ ಉತ್ತರ ಅಲ್ಲ ಅದು. ಹಾಗಾಗಿ ಬರೆಯುತ್ತಿದ್ದೇನೆ.

ಧೈರ್ಯ ಇದಕ್ಕೆ ಕಾರಣವಲ್ಲ. ಆಪರೇಷನ್ ಆದ ಮೇಲೆ ಬಹಳ ಕಾಲ ನನಗೆ ನಗುವ ಮನಸ್ಸೂ ಇರಲಿಲ್ಲ, ನಗುವ ಮುಖವೂ ಇರಲಿಲ್ಲ. ನನ್ನನ್ನು ಮತ್ತೆ ನಗಿಸಿದವರು ಇದೇ ಆಪರೇಷನ್ ಮಾಡಿಸಿಕೊಂಡ ಬೇರೆ ಜನ. ಅವರು ಸಿಗದೆ ಹೋಗಿದ್ದರೆ ಗಾಯವೇನೋ ಮಾಯುತ್ತಿತ್ತು. ನಾನು ಮಾತ್ರ ಮನೆಯ ಒಳಕೋಣೆಯಲ್ಲೇ ಉಳಿದುಬಿಡುತ್ತಿದ್ದೆ.

ನನಗೆ ಆಗಿದ್ದದ್ದು ಅಕೌಸ್ಟಿಕ್ ನ್ಯೂರೋಮಾ. ವೈದ್ಯರ ಚೀಟಿಯಲ್ಲಿ ಈಗ ವೆಸ್ಟಿಬ್ಯುಲರ್ ಶ್ವಾನೋಮಾ ಎಂದು ಬರೆದಿರುತ್ತದೆ. ಕೇಳುವಿಕೆಯನ್ನೂ ಸಮತೋಲನವನ್ನೂ ನೋಡಿಕೊಳ್ಳುವ, ಒಳಗಿವಿಯಿಂದ ಮೆದುಳಿಗೆ ಹೋಗುವ ಎಂಟನೆಯ ನರದ ಹೊದಿಕೆಯಲ್ಲಿ ಈ ಗಡ್ಡೆ ಹುಟ್ಟುತ್ತದೆ. ಕ್ಯಾನ್ಸರ್ ಅಲ್ಲ. ಬೆಳೆದರೂ ಸಾಮಾನ್ಯವಾಗಿ ವರ್ಷಕ್ಕೆ ಒಂದೆರಡು ಮಿಲಿಮೀಟರ್. ಅದಕ್ಕೇ ಎಷ್ಟೋ ಜನರಿಗೆ ಹಲವು ವರ್ಷ ಗೊತ್ತೇ ಆಗುವುದಿಲ್ಲ. ಒಂದೇ ಕಿವಿ ಮಂದವಾಗುವುದು, ಅದೇ ಕಿವಿಯಲ್ಲಿ ನಿಲ್ಲದ ಗುಂಯ್‌ಗುಡುವಿಕೆ, ನಡೆಯುವಾಗ ಒಂದು ಕಡೆ ವಾಲಿದಂತಾಗುವುದು ಇದರ ಲಕ್ಷಣಗಳು. ಎಡಗಿವಿಗೆ ಮೊಬೈಲ್ ಹಿಡಿದರೆ ನನಗೆ ಸದ್ದು ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಒಂದೇ ಕಿವಿಯಲ್ಲಿ ಹೀಗಾದರೆ ದಯವಿಟ್ಟು ತಡಮಾಡದೆ ಕಿವಿ ವೈದ್ಯರಿಗೆ ತೋರಿಸಿ.

ಗಡ್ಡೆ ಚಿಕ್ಕದಿದ್ದರೆ ಆಗಾಗ ಎಂಆರ್‌ಐ ಮಾಡಿಸಿ ಕಾದು ನೋಡುವುದುಂಟು, ಗಾಮಾ ನೈಫ್‌ನಂಥ ವಿಕಿರಣ ಚಿಕಿತ್ಸೆಯೂ ಇದೆ. ನನ್ನದು ದೊಡ್ಡದಾಗಿ ಮೆದುಳಿನ ಕಾಂಡವನ್ನು ಒತ್ತುತ್ತಿತ್ತು, ತೆಗೆಯಲೇಬೇಕಾಯಿತು. ತೊಡಕಿರುವುದು ಇಲ್ಲಿಯೇ. ಎಂಟನೆಯ ನರಕ್ಕೆ ಅಂಟಿಕೊಂಡಂತೆ ಏಳನೆಯ ನರ ಸಾಗುತ್ತದೆ. ಮುಖದ ಭಾವ ತೋರುವ ಸ್ನಾಯುಗಳನ್ನು ಆಡಿಸುವುದು ಅದೇ. ದೊಡ್ಡ ಗಡ್ಡೆಯ ಮೇಲೆ ಆ ನರ ಹಿಗ್ಗಿ, ತೆಳ್ಳಗಾಗಿ ಹರಡಿಕೊಂಡಿರುತ್ತದೆ. ಶಸ್ತ್ರವೈದ್ಯರು ಎಷ್ಟೇ ಜೋಪಾನವಾಗಿ ಬಿಡಿಸಿ ಉಳಿಸಿದರೂ ಅದು ತಿಂಗಳುಗಟ್ಟಲೆ ಮಂಕಾಗಿಬಿಡಬಹುದು. ಪೆಟ್ಟು ತಿಂದ ನರದ ಎಳೆ ಮತ್ತೆ ಬೆಳೆಯುವುದು ಸುಮಾರು ದಿನಕ್ಕೆ ಒಂದು ಮಿಲಿಮೀಟರ್ ಲೆಕ್ಕದಲ್ಲಿ.

ಎಚ್ಚರವಾದಾಗ ಎಡ ಮುಖ ಅಲುಗುತ್ತಿರಲಿಲ್ಲ. ಎಡಗಣ್ಣು ಮುಚ್ಚುತ್ತಿರಲಿಲ್ಲ. ಕುಡಿದ ನೀರು ತುಟಿಯಂಚಿನಿಂದ ಇಳಿಯುತ್ತಿತ್ತು. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಪ, ಫ, ಬ, ಭ, ಮ ತುಟಿಗಳಲ್ಲಿ ಹುಟ್ಟುವ ಅಕ್ಷರಗಳು ಎಂದು ವರ್ಷಗಟ್ಟಲೆ ಹೇಳಿಕೊಟ್ಟ ನನಗೆ ಆ ಐದೂ ಕೈಕೊಟ್ಟವು. 'ಅಮ್ಮ' ಎನ್ನುವುದಕ್ಕೂ ಬೆರಳಿನಿಂದ ತುಟಿ ಹಿಡಿದುಕೊಳ್ಳಬೇಕಿತ್ತು.

ಆ ದಿನಗಳಲ್ಲಿ ಮನೆಗೆ ಬಂದವರೆಲ್ಲ ಹಾರ್ಲಿಕ್ಸ್ ಬಾಟಲಿಯ ಜೊತೆಗೆ ಒಂದೇ ಮಾತು ತರುತ್ತಿದ್ದರು: "ಜೀವ ಉಳಿಯಿತಲ್ಲ, ಅದೇ ದೊಡ್ಡದು." ನಿಜ, ದೊಡ್ಡದೇ. ಆದರೆ ಆ ಮಾತು ಬಿದ್ದ ಕೂಡಲೇ ಉಳಿದ ಮಾತಿಗೆ ಜಾಗವೇ ಇರುತ್ತಿರಲಿಲ್ಲ. ಜೀವ ಉಳಿದವಳು ಮುಖಕ್ಕಾಗಿ ಅತ್ತರೆ ಕೃತಘ್ನಳಾಗುತ್ತಾಳೆ. ಇನ್ನು ಕೆಲವರು "ಸದಾ ನಗುನಗುತ್ತಾ ಇರಿ, ಎಲ್ಲ ಸರಿಹೋಗುತ್ತದೆ" ಎನ್ನುತ್ತಿದ್ದರು. ಹತ್ತಿರದ ನೆಂಟರೊಬ್ಬರು "ಒಳಗೆ ಏನಾದರೂ ಉಳಿಸಿದ್ದಾರೋ ಇಲ್ಲವೋ" ಎಂದು ತಮಾಷೆ ಮಾಡಿದರು, ಕೋಣೆಯಲ್ಲಿದ್ದವರೆಲ್ಲ ನಕ್ಕರು. ಅದನ್ನು ಮರೆಯಲು ನನಗೆ ಬಹಳ ಸಮಯ ಹಿಡಿಯಿತು. ನಗೆ ಎಂದರೆ ಎಲ್ಲವೂ ಒಂದೇ ನಗೆಯಲ್ಲ.

ಮುಖದ ವ್ಯಾಯಾಮ ಮಾಡಿಸುತ್ತಿದ್ದ ಫಿಸಿಯೋಥೆರಪಿಸ್ಟ್ ಒಂದು ದಿನ, "ನಮ್ಮ ಹಳೆಯ ಪೇಷಂಟ್ ಒಬ್ಬರು ನಿಮ್ಮ ಜೊತೆ ಮಾತಾಡಬಹುದೇ?" ಎಂದು ಕೇಳಿದರು. ತುಮಕೂರು ಕಡೆಯ ನಿವೃತ್ತ ಹೆಡ್‌ಮಾಸ್ಟರ್. ಸಂಜೆ ಕರೆ ಬಂತು. ಅವರ ಮೊದಲ ಮಾತೇ, "ಯಾವ ಕಡೆ, ತಾಯಿ?"

"ಎಡಗಡೆ, ಸರ್."

"ಹಾಗಾದರೆ ಫೋನು ಬಲಗಿವಿಯಲ್ಲಿದೆ. ನನ್ನದು ಬಲಗಡೆ ಹೋಯಿತು, ನಾನು ಎಡಗಿವಿಗೆ ಹಿಡಿದಿದ್ದೇನೆ. ಇಬ್ಬರೂ ಸೇರಿದರೆ ಒಬ್ಬ ಮನುಷ್ಯನಿಗೆ ಬೇಕಾದಷ್ಟು ಕಿವಿ ಆಯಿತು. ಹೇಳಿ, ನಾನು ಕೇಳುತ್ತೇನೆ."

ನಕ್ಕುಬಿಟ್ಟೆ. ಮುಖದ ಅರ್ಧ ಮಾತ್ರ ನಕ್ಕಿತು, ಹೊಲಿಗೆ ಹಾಕಿದ್ದ ಜಾಗ ಚುರುಕ್ಕೆಂದಿತು. ಆಮೇಲೆ ಅಳು ಬಂತು. ಅವರು ಸಮಾಧಾನ ಹೇಳಲಿಲ್ಲ, ಸುಮ್ಮನೆ ಕಾದರು. ನಂತರ ಕೇಳಿದ ಪ್ರಶ್ನೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ: "ರಾತ್ರಿ ಕಣ್ಣಿಗೆ ಟೇಪ್ ನಿಲ್ಲುತ್ತದೆಯೇ?" ಮುಚ್ಚದ ಕಣ್ಣು ಒಣಗಿದರೆ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರಕ್ಕೆ ಗಾಯವಾಗುತ್ತದೆ. ಹಗಲು ಹನಿ, ರಾತ್ರಿ ಮುಲಾಮು, ಮೇಲೆ ಟೇಪ್. ಟೇಪ್ ನಡುರಾತ್ರಿ ಕಳಚಿಕೊಳ್ಳುತ್ತಿತ್ತು. ಸುತ್ತಲಿನ ಚರ್ಮದ ಜಿಡ್ಡನ್ನು ಮೊದಲು ಒರೆಸಿ, ರೆಪ್ಪೆಯನ್ನು ಬೆರಳಿನಿಂದ ಪೂರ್ತಿ ಮುಚ್ಚಿದ ಮೇಲೆಯೇ ಅಂಟಿಸಬೇಕೆಂದು ಅವರು ಬಿಡಿಸಿ ಹೇಳಿದರು. ತಲೆಸ್ನಾನಕ್ಕೆ ಸ್ಟೂಲ್ ಮೇಲೆ ಕುಳಿತುಕೊಳ್ಳಿ, ಕಣ್ಣು ಮುಚ್ಚಿ ನಿಂತರೆ ಬೀಳುತ್ತೀರಿ ಎಂದರು. ಅದೂ ಸತ್ಯ: ಒಂದು ಕಡೆಯ ಸಮತೋಲನದ ನರ ಹೋದ ಮೇಲೆ ದೇಹ ಇನ್ನೊಂದು ಕಿವಿಯನ್ನು, ಪಾದದ ಸ್ಪರ್ಶವನ್ನು, ಕಣ್ಣನ್ನು ನೆಚ್ಚಿಕೊಂಡು ನಿಲ್ಲಲು ಕಲಿಯುತ್ತದೆ. ಕಣ್ಣು ಮುಚ್ಚಿದರೆ, ದೀಪ ಆರಿದರೆ ಒಂದು ಊರುಗೋಲು ಕಳಚಿದಂತೆ.

ಈ ಗಡ್ಡೆ ಪ್ರತಿ ವರ್ಷ ಲಕ್ಷ ಜನರಲ್ಲಿ ಒಬ್ಬರಿಗೋ ಇಬ್ಬರಿಗೋ ಕಾಣಿಸಿಕೊಳ್ಳುತ್ತದೆ ಎನ್ನುವುದು ಅಂದಾಜು ಲೆಕ್ಕ. ಅಂದರೆ ನಮ್ಮ ಊರಿನಲ್ಲಿ, ನಮ್ಮ ಬಳಗದಲ್ಲಿ ಇನ್ನೊಬ್ಬರು ಸಿಗುವುದೇ ಕಷ್ಟ. ಹೆಡ್‌ಮಾಸ್ಟರು ಹೀಗೆ ಒಬ್ಬೊಬ್ಬರನ್ನೇ ಕೂಡಿಸಿ ಒಂದು ಚಿಕ್ಕ ಗುಂಪು ಕಟ್ಟಿದ್ದರು. ಸರ್ಕಾರಿ ಬಸ್ಸಿನ ಕಂಡಕ್ಟರ್ ಒಬ್ಬರು, ಸೀರೆ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗ, ಅಂಗನವಾಡಿಯ ಅಕ್ಕ, ಇಂಜಿನಿಯರಿಂಗ್ ಓದುವ ಹುಡುಗಿ. ಬೆಂಗಳೂರಿಗೆ ತಪಾಸಣೆಗೆ ಬಂದ ದಿನ ಕಬ್ಬನ್ ಪಾರ್ಕಿನಲ್ಲಿ ಸೇರುವುದು ರೂಢಿ.

ಆ ಗುಂಪಿನಲ್ಲಿ ಏನು ನಗು ಎಂದರೆ, ಹೇಳುತ್ತೇನೆ. ಎಡಗಿವಿ ಹೋದವರಿಗೆಲ್ಲ ಬೆಂಚಿನ ಎಡತುದಿಯೇ ಬೇಕು, ಆಗ ಎಲ್ಲರೂ ಬಲಗಿವಿಯ ಕಡೆ ಬರುತ್ತಾರೆ. ನಮ್ಮಲ್ಲಿ ಎಡಗಿವಿಯವರೇ ಜಾಸ್ತಿ. ಕುಳಿತುಕೊಳ್ಳುವುದರಲ್ಲೇ ಅರ್ಧ ಗಂಟೆ ಕಳೆಯುತ್ತದೆ. ನಡೆಯಲು ಹೊರಟರೂ ಅದೇ ಕಥೆ: ಪ್ರತಿಯೊಬ್ಬರೂ ಇನ್ನೊಬ್ಬರ ಎಡಕ್ಕೆ ಸರಿದು ಸರಿದು, ಇಡೀ ಸಾಲು ಹಾದಿ ಬಿಟ್ಟು ಹುಲ್ಲಿಗೆ ಇಳಿದಿರುತ್ತದೆ. ಒಂದೇ ಕಿವಿಯಿಂದ ಸದ್ದಿನ ದಿಕ್ಕು ತಿಳಿಯುವುದಿಲ್ಲ. ಒಂದು ಮೊಬೈಲ್ ರಿಂಗಾದರೆ ಅಷ್ಟೂ ಜನ ಚೀಲ, ಜೇಬು, ಬೆಂಚಿನಡಿ ಎಲ್ಲ ಹುಡುಕುತ್ತೇವೆ. ಕೊನೆಗೆ ಕಡಲೆಕಾಯಿ ಮಾರುವವರು ಬಂದು "ಅಗೋ ಅಲ್ಲಿದೆ" ಎಂದು ತೋರಿಸುತ್ತಾರೆ.

ಕಂಡಕ್ಟರ್ ಅಣ್ಣನ ಮದುವೆಯೂಟದ ಕಥೆಯನ್ನಂತೂ ಪ್ರತಿ ಸಲವೂ ಹೇಳಿಸುತ್ತೇವೆ. ಪೆಟ್ಟು ತಿಂದ ಮುಖದ ನರ ಮತ್ತೆ ಬೆಳೆಯುವಾಗ ಕೆಲವು ಎಳೆಗಳು ದಾರಿ ತಪ್ಪುತ್ತವೆ. ಜೊಲ್ಲುಗ್ರಂಥಿಗೆ ಹೋಗಬೇಕಾದದ್ದು ಕಣ್ಣೀರಿನ ಗ್ರಂಥಿಗೆ ಹೋಗಿ ಸೇರುತ್ತದೆ. ಆಮೇಲೆ ರುಚಿಯಾದದ್ದನ್ನು ತಿಂದರೆ ಆ ಕಣ್ಣಿನಿಂದ ನೀರು ಸುರಿಯುತ್ತದೆ. ಅಣ್ಣ ಹೋಳಿಗೆ ತಿನ್ನುತ್ತಾ ಧಾರಾಕಾರವಾಗಿ ಕಣ್ಣೀರು ಹಾಕುವುದನ್ನು ಕಂಡು ಹುಡುಗಿಯ ತಂದೆ ಓಡಿಬಂದು, ಅವರ ಹೆಗಲು ಹಿಡಿದು, "ನೀವೇ ಹೀಗೆ ಅತ್ತರೆ ಹೆತ್ತ ನಾನು ಹೇಗೆ ತಡೆದುಕೊಳ್ಳಲಿ" ಎಂದು ತಾವೂ ಅತ್ತರಂತೆ. ಅಣ್ಣ ಗಂಡಿನ ಕಡೆಯವರು, ಹುಡುಗಿಯನ್ನು ಅದುವರೆಗೆ ನೋಡಿಯೂ ಇರಲಿಲ್ಲ. "ಬಾಯಲ್ಲಿ ಹೋಳಿಗೆ ಇತ್ತು, ಉತ್ತರ ಕೊಡಲು ಆಗಲಿಲ್ಲ, ಅವರು ಇನ್ನೆರಡು ಹೋಳಿಗೆ ಬಡಿಸಿ ಹೋದರು" ಎನ್ನುತ್ತಾರೆ ಅಣ್ಣ.

ಮುಖದ ಚಲನೆಯನ್ನು ಅಳೆಯಲು ಹೌಸ್ ಮತ್ತು ಬ್ರಾಕ್‌ಮನ್ ಎಂಬ ವೈದ್ಯರು 1985ರಲ್ಲಿ ಪ್ರಕಟಿಸಿದ ಒಂದು ಮಾನಕವಿದೆ. ಒಂದು ಎಂದರೆ ಸಹಜ ಮುಖ, ಆರು ಎಂದರೆ ಪೂರ್ತಿ ನಿಶ್ಚಲ. ನಮ್ಮ ಗುಂಪಿನಲ್ಲಿ ಇದರ ಫಲಿತಾಂಶಕ್ಕೆ ಎಸ್‌ಎಸ್‌ಎಲ್‌ಸಿಯಷ್ಟೇ ಕಾತರ. ನಾನು ಆರರಿಂದ ಐದಕ್ಕೆ ಬಂದ ದಿನ ಅಂಗನವಾಡಿ ಅಕ್ಕ ಮೈಸೂರು ಪಾಕ್ ಹಂಚಿದರು. ಮನೆಯವರ ಕಣ್ಣಿಗೆ ಏನೂ ಬದಲಾಗಿರಲಿಲ್ಲ. ಬಲವಾಗಿ ಪ್ರಯತ್ನಿಸಿದರೆ ತುಟಿಯ ಮೂಲೆ ಕೂದಲೆಳೆಯಷ್ಟು ನಡುಗುತ್ತಿತ್ತು, ಅಷ್ಟೇ. ಆ ನಡುಕದ ಬೆಲೆ ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಕನ್ನಡಿಯ ಮುಂದೆ ಒಬ್ಬಳೇ ಕೆನ್ನೆ ಉಬ್ಬಿಸುವಾಗ ಅಳು ಬರುತ್ತಿತ್ತು. ವಿಡಿಯೋ ಕರೆಯಲ್ಲಿ ಎಲ್ಲರೂ ಒಟ್ಟಿಗೆ ಕೆನ್ನೆ ಉಬ್ಬಿಸಿ, ಗಾಳಿ ಸೋರಿ, ಪ ಫ ಬ ಭ ಮ ಹೇಳತೊಡಗಿದ ಮೇಲೆ ನಾನು ವ್ಯಾಯಾಮ ತಪ್ಪಿಸಲಿಲ್ಲ.

ಹೊರಗಿನವರ ತಮಾಷೆ ಇರಿದದ್ದು, ಇವರ ತಮಾಷೆ ತಾಗದೆ ಹೋದದ್ದು ಯಾಕೆ ಎಂದು ನಾನು ಬಹಳ ಯೋಚಿಸಿದ್ದೇನೆ. ನೆಂಟರ ನಗೆ ನನ್ನ ಮಾತನ್ನು ನಿಲ್ಲಿಸಿತು. ಹೆಡ್‌ಮಾಸ್ಟರ ನಗೆಯ ಬೆನ್ನಿಗೇ "ಹೇಳಿ, ನಾನು ಕೇಳುತ್ತೇನೆ" ಎಂಬುದಿತ್ತು. ಅವರು ತಮ್ಮ ಕಿವುಡನ್ನು ಮೊದಲು ಮುಂದಿಟ್ಟರು, ನನ್ನದನ್ನು ಆಮೇಲೆ ಸೇರಿಸಿಕೊಂಡರು. ಗುಂಪಿನಲ್ಲಿ ಯಾರೂ ಬರೆದಿಡದ ಒಂದು ಕಟ್ಟಳೆ ಇದೆ: ಹೊಸಬರು ತಾವಾಗಿ ನಗುವ ತನಕ ಅವರ ಮುಖದ ಬಗ್ಗೆ ಯಾರೂ ತಮಾಷೆ ಮಾಡುವುದಿಲ್ಲ. ಕೆಲವರು ತಿಂಗಳುಗಟ್ಟಲೆ ನಗುವುದಿಲ್ಲ. ನಾವು ಕಾಯುತ್ತೇವೆ.

ನಗೆ ನಿಲ್ಲಬೇಕಾದ ಜಾಗವೂ ಇವರಿಗೆ ಗೊತ್ತು. ಆ ಇಂಜಿನಿಯರಿಂಗ್ ಹುಡುಗಿ ಆಪರೇಷನ್ ಆಗಿ ಮನೆಗೆ ಹೋದ ಹೊಸತರಲ್ಲಿ, ಬಗ್ಗಿದರೆ ಮೂಗಿನಿಂದ ನೀರು ತೊಟ್ಟಿಕ್ಕುತ್ತದೆ, ನೆಗಡಿ ಇರಬೇಕು ಎಂದಳು. ನಗುತ್ತಿದ್ದ ಕಂಡಕ್ಟರ್ ಅಣ್ಣ ತಟ್ಟನೆ ಗಂಭೀರರಾದರು. "ನೆಗಡಿ ಅಲ್ಲ ಪುಟ್ಟಾ, ಈಗಲೇ ಆಸ್ಪತ್ರೆಗೆ ಹೊರಡು" ಎಂದರು. ಮೆದುಳಿನ ಸುತ್ತಲಿನ ದ್ರವ ಈ ಆಪರೇಷನ್ ನಂತರ ಕಿವಿಯ ಒಳದಾರಿಯಿಂದ ಮೂಗಿಗೆ ಸೋರಬಹುದು, ಹಾಗೇ ಬಿಟ್ಟರೆ ಮೆದುಳು ಪೊರೆಯ ಸೋಂಕಾಗುವ ಅಪಾಯವಿದೆ. ಅವಳಿಗೆ ಆದದ್ದು ಅದೇ. ಬೇಗ ಹೋದದ್ದರಿಂದ ಸರಿಹೋಯಿತು. ಔಷಧಿ, ಡೋಸ್, ಸ್ಕ್ಯಾನ್ ಬಗ್ಗೆ ನಮ್ಮಲ್ಲಿ ಯಾರೂ ವೈದ್ಯರಾಗುವುದಿಲ್ಲ. ಯಾವಾಗ ವೈದ್ಯರ ಬಳಿ ಓಡಬೇಕು ಎಂಬುದನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇವೆ.

ನಗೆಯಿಂದ ಗಡ್ಡೆ ಕರಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಗ್ಲಿಯೊಬ್ಲಾಸ್ಟೋಮಾದಂಥ ಉಗ್ರ ಕ್ಯಾನ್ಸರ್ ಗಡ್ಡೆ ಇರುವ ಮನೆಯವರಿಗೆ ನನ್ನ ಕಥೆ ಹೇಳಿ "ನೋಡಿ, ಅವರು ಹೇಗಿದ್ದಾರೆ" ಎನ್ನಬೇಡಿ. ಅವರ ದಾರಿಯೇ ಬೇರೆ, ಅದು ಬಹಳ ಕಠಿಣ. ನಗದೆ ಇರುವ ಹಕ್ಕು ರೋಗಿಗೆ ಪೂರ್ತಿಯಾಗಿ ಇದೆ.

ರೋಗಿಗಳೇ ರೋಗಿಗಳಿಗೆ ಆಸರೆಯಾಗುವುದು ನಮ್ಮ ಗುಂಪಿನ ಹೊಸ ಶೋಧವೇನಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 1981ರಲ್ಲಿ ಅಕೌಸ್ಟಿಕ್ ನ್ಯೂರೋಮಾ ಅಸೋಸಿಯೇಷನ್ ಶುರುಮಾಡಿದ ವರ್ಜೀನಿಯಾ ಫಿಕೆಲ್ ಎರ್ ಸ್ವತಃ ಈ ಆಪರೇಷನ್ ಆದವರು. ಮುಂಬೈಯಲ್ಲಿ ಬ್ರೈನ್ ಟ್ಯೂಮರ್ ಫೌಂಡೇಷನ್ ಆಫ್ ಇಂಡಿಯಾ ರೋಗಿಗಳನ್ನೂ ಮನೆಯವರನ್ನೂ ಒಂದೆಡೆ ಸೇರಿಸುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನಶ್ಚೇತನಕ್ಕೆ ಒಂದು ವಿಭಾಗವಿದೆ, ಮನೋವೈದ್ಯಕೀಯ ಸಮಾಜಕಾರ್ಯಕ್ಕೂ ಒಂದು ವಿಭಾಗವಿದೆ. ಇಂಥ ಜಾಗಗಳಲ್ಲಿ ಹಳೆಯ ರೋಗಿಗಳನ್ನು ಬಲ್ಲವರು ಇರುತ್ತಾರೆ.

ಆದ್ದರಿಂದ ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಆಪರೇಷನ್ ನಿಗದಿಯಾಗಿದ್ದರೆ, ಸಾಧ್ಯವಾದರೆ ಅದಕ್ಕೆ ಮುಂಚೆಯೇ, ಶಸ್ತ್ರವೈದ್ಯರನ್ನೋ ಫಿಸಿಯೋಥೆರಪಿಸ್ಟನ್ನೋ ಸಮಾಜಕಾರ್ಯಕರ್ತರನ್ನೋ ಕೇಳಿ: "ಇದೇ ಆಪರೇಷನ್ ಆದ, ಮಾತಾಡಲು ಒಪ್ಪುವ ಒಬ್ಬರು ಇದ್ದಾರೆಯೇ?" ಆ ಹಳೆಯ ರೋಗಿಯ ನಂಬರನ್ನು ಆಸ್ಪತ್ರೆಯವರು ನೇರವಾಗಿ ಕೊಡಲಾರರು, ಕೊಡಬಾರದು ಕೂಡ, ನಿಮ್ಮ ನಂಬರನ್ನು ಆ ರೋಗಿಗೆ ತಲುಪಿಸಲು ಹೇಳಿ. ಕರೆ ಬಂದಾಗ ಸ್ಪೀಕರ್ ಹಾಕಿ ಮನೆಮಂದಿಯೆಲ್ಲ ಸುತ್ತ ಕೂರುವುದು ಬೇಡ. ಫೋನನ್ನು ರೋಗಿಯ ಕೈಗೆ ಕೊಟ್ಟು, ಬಾಗಿಲು ಎಳೆದುಕೊಂಡು ಹೊರಗೆ ಬನ್ನಿ. ಒಳಗಿನಿಂದ ಅಳು ಕೇಳಿದರೂ ನಗು ಕೇಳಿದರೂ, ಏನು ಮಾತಾಡಿಕೊಂಡಿರಿ ಎಂದು ಆಮೇಲೆ ವಿಚಾರಿಸಬೇಡಿ.