ಕಮಲದ ಕಂಪು ಎಸಳಿನದೋ, ದಂಟಿನದೋ?

ಈ ಸಲದ ವೈಶಾಖ ಹುಣ್ಣಿಮೆಯಂದು ಎಂಟು ನಿಯಮಗಳ ಅಷ್ಟಶೀಲ ಸ್ವೀಕರಿಸಿ, ಭಗವಾನ್ ಬುದ್ಧರ ಪಾದದ ಬಳಿ ಒಂದು ಬಿಳಿ ಕಮಲವನ್ನಿಟ್ಟು ಕೈಮುಗಿದೆ. ಈ ಹೂವು ಬಾಡುವಂತೆಯೇ ನನ್ನ ಕಾಯವೂ ಅಳಿವಿನತ್ತ ಸಾಗುತ್ತದೆ ಎಂಬ ಪುಷ್ಪಪೂಜೆಯ ಗಾಥೆ ಇನ್ನೂ ತುಟಿಯ ಮೇಲಿರುವಾಗಲೇ, ಹಿಂದಿದ್ದವರೊಬ್ಬರು ತಮ್ಮ ಹೂವಿಗೆ ಜಾಗ ಮಾಡಲೆಂದು ನನ್ನ ಕಮಲವನ್ನು ಪಕ್ಕಕ್ಕೆ ಸರಿಸಿದರು. ಅದರ ಹೊರಗಿನ ಒಂದು ಎಸಳು ಮಡಚಿಕೊಂಡಿತು. ಅಷ್ಟಕ್ಕೇ ನನ್ನ ಎದೆ ಚುರುಕ್ಕೆಂದಿತು. ಅರ್ಪಿಸಿ ಕೈಬಿಟ್ಟ ಮೇಲೂ ಆ ಹೂವು ನನ್ನದಾಗಿಯೇ ಉಳಿದದ್ದು ಹೇಗೆ?

ನನಗೆ ಧಮ್ಮದ ಮೊದಲ ಪಾಠ ಹೇಳಿಕೊಟ್ಟ ವೃದ್ಧ ಭಿಕ್ಷು, ನಮ್ಮ ಭಂತೇಜಿ, ಆಗ ನೆನಪಾದರು. ಕಣ್ಣು ಮಂಜಾಗಿದ್ದ ಅವರು ಒಮ್ಮೆ ಕಮಲವೊಂದನ್ನು ಹಿಡಿದು, ನಡುಗುವ ಬೆರಳುಗಳಿಂದ ಎಸಳು, ದಂಟು, ಕೇಸರಗಳನ್ನು ಒಂದೊಂದಾಗಿ ಸವರುತ್ತಾ, "ಕಂಪು ಇದರದೇ? ಹಾಗಾದರೆ ಇದರದೇ?" ಎಂದು ಕೇಳುತ್ತಾ ಹೋದರು. ಅವರ ಮುಖ ಈಗ ಸ್ಪಷ್ಟವಾಗಿ ನೆನಪಿಲ್ಲ. ಎಸಳಿನ ಮೇಲೆ ಆಡುತ್ತಿದ್ದ ಆ ಬೆರಳುಗಳು ಮಾತ್ರ ಕಣ್ಣಿಗೆ ಕಟ್ಟಿದಂತಿವೆ.

ಅವರು ಹೇಳುತ್ತಿದ್ದದ್ದು ಬುದ್ಧರ ಕಾಲದ ಖೇಮಕ ಭಿಕ್ಷುವಿನ ಕಥೆ. ಕೌಶಾಂಬಿಯಲ್ಲಿ ಕಾಯಿಲೆ ಬಿದ್ದಿದ್ದ ಖೇಮಕನ ಬಳಿಗೆ ಹಿರಿಯ ಭಿಕ್ಷುಗಳು ದಾಸಕನೆಂಬ ಭಿಕ್ಷುವಿನ ಮೂಲಕ ಮತ್ತೆ ಮತ್ತೆ ಪ್ರಶ್ನೆ ಕಳಿಸಿದರು. ರೂಪ (ದೇಹ), ವೇದನೆ (ಸುಖದುಃಖಗಳ ಅನುಭವ), ಸಂಜ್ಞೆ (ಗುರುತಿಸುವಿಕೆ), ಸಂಸ್ಕಾರ (ಮನಸ್ಸಿನ ಪ್ರೇರಣೆಗಳು), ವಿಜ್ಞಾನ (ಅರಿವು) ಎಂಬ, ವ್ಯಕ್ತಿಯನ್ನು ರೂಪಿಸುವ ಐದು ಸ್ಕಂಧಗಳಲ್ಲಿ ಯಾವುದನ್ನಾದರೂ ಆತ್ಮವೆಂದೋ ಆತ್ಮನದೆಂದೋ ಕಾಣುತ್ತೀಯಾ ಎಂದು ಕೇಳಿದಾಗ, ಇಲ್ಲವೆಂದ. ಹಾಗಾದರೆ ನೀನು ಅರಹಂತನೇ, ಅಂದರೆ ಪೂರ್ಣ ಮುಕ್ತನೇ, ಎಂದಾಗ, ಅದೂ ಅಲ್ಲವೆಂದ. ಕೊನೆಗೆ ದಾಸಕನ ಓಡಾಟ ಸಾಕೆಂದು, ಆ ನೋವಿನಲ್ಲೇ ಊರುಗೋಲು ಹಿಡಿದು ತಾನೇ ಹಿರಿಯರ ಬಳಿಗೆ ನಡೆದುಹೋದ. ಕಂಪನ್ನು ಎಸಳಿನದು, ದಂಟಿನದು, ಕೇಸರದ್ದು ಎಂದು ಬೇರ್ಪಡಿಸದೆ ಹೂವಿನದು ಎನ್ನುವಂತೆಯೇ, ಐದರಲ್ಲಿ ಯಾವುದನ್ನೂ "ಇದು ನಾನು" ಎಂದು ಕಾಣದಿದ್ದರೂ "ನಾನಿದ್ದೇನೆ" ಎಂಬ ಭಾವ ತನ್ನಲ್ಲಿ ಇನ್ನೂ ಅಳಿದಿಲ್ಲವೆಂದು ಅಲ್ಲಿ ಹೇಳಿದ. ಮಡಿವಾಳನು ಒಗೆದು ಕೊಟ್ಟ ಬಟ್ಟೆಯಲ್ಲೂ ಚೌಳಿನ ವಾಸನೆ ಉಳಿಯುತ್ತದೆ, ಅದು ಪರಿಮಳದ ಪೆಟ್ಟಿಗೆಯಲ್ಲಿಟ್ಟ ಮೇಲೆಯೇ ಹೋಗುತ್ತದೆ ಎಂದ. ಅವನು ಹೇಳುತ್ತಿದ್ದಂತೆಯೇ ಕೇಳುತ್ತಿದ್ದ 60 ಹಿರಿಯರ ಚಿತ್ತವೂ ಅವನದೂ ವಿಮುಕ್ತವಾಯಿತು.

ಐದು ಸ್ಕಂಧಗಳಲ್ಲಿ ಆತ್ಮವನ್ನು ಕಾಣುವ ತಪ್ಪು ದೃಷ್ಟಿಗೆ ಸಕ್ಕಾಯದಿಟ್ಠಿ ಎಂದು ಹೆಸರು. ಅದು ಬರೀ ಅಹಂಕಾರವೆಂದು ಭಾವಿಸಿ ನಾನು ಬಹುಕಾಲ ತಪ್ಪಿದ್ದೆ. ಭಿಕ್ಷುಣಿ ಧಮ್ಮದಿನ್ನೆ ಉಪಾಸಕ ವಿಶಾಖನಿಗೆ ಅದನ್ನು ಬಿಡಿಸಿ ಹೇಳಿದ್ದಾಳೆ: ರೂಪವೇ ಆತ್ಮ, ಆತ್ಮಕ್ಕೆ ರೂಪವಿದೆ, ಆತ್ಮದಲ್ಲಿ ರೂಪವಿದೆ, ರೂಪದಲ್ಲಿ ಆತ್ಮವಿದೆ ಎಂಬ ನಾಲ್ಕು ಬಗೆ, ಉಳಿದ ನಾಲ್ಕು ಸ್ಕಂಧಗಳಿಗೂ ಹೀಗೆಯೇ, ಒಟ್ಟು 20. ಈ ದೃಷ್ಟಿ ಮುಕ್ತಿಮಾರ್ಗದ ಮೊದಲ ಹಂತ ತಲುಪಿದ ಸ್ರೋತಾಪನ್ನನಲ್ಲಿಯೇ ಕಡಿದುಹೋಗುತ್ತದೆ. "ನಾನಿದ್ದೇನೆ" ಎಂಬ ಸೂಕ್ಷ್ಮ ಅಹಂಭಾವ, ಅಂದರೆ ಮಾನವಾದರೋ ಅರಹಂತ ಪದದವರೆಗೂ ಹಿಂಬಾಲಿಸುತ್ತದೆ. ದೃಷ್ಟಿಯನ್ನೇ ಇನ್ನೂ ದಾಟದ ನಮ್ಮಂಥವರಿಗೆ ಖೇಮಕನ ಪ್ರಾಮಾಣಿಕತೆ ಎಷ್ಟು ದೊಡ್ಡ ಆಸರೆ!

ನೋವಿನಿಂದಲೇ ಹೇಳುತ್ತೇನೆ, ಇಂದು "ಸಬ್ಬೇ ಧಮ್ಮಾ ಅನತ್ತಾ" (ಯಾವುದೂ ಆತ್ಮವಲ್ಲ) ಎಂದು ಗಟ್ಟಿಯಾಗಿ ಪಠಿಸಿ ಎದ್ದವರು ತಾವು ಎಷ್ಟು ಉಪೋಸಥ (ಹುಣ್ಣಿಮೆ, ಅಮಾವಾಸ್ಯೆಗಳಂಥ ದಿನಗಳ ಶೀಲಾಚರಣೆ) ಆಚರಿಸಿದೆವೆಂದು ಎಣಿಸಿ ಹೇಳಿಕೊಳ್ಳುವುದು ಹೆಚ್ಚಾಗುತ್ತಿದೆ. ಶೀಲವ್ರತಗಳಿಗೇ ಜೋತುಬೀಳುವುದೂ ಸಕ್ಕಾಯದಿಟ್ಠಿಯೊಂದಿಗೇ ಕಡಿಯಬೇಕಾದ ಬಂಧನವೆಂಬುದನ್ನು ಮರೆತರೆ ಉಪೋಸಥದಿಂದ ಬರುವುದಾದರೂ ಏನು? ಇದನ್ನು ಬರೆಯುತ್ತಿರುವ ನಾನೂ ಆ ಮಡಚಿದ ಎಸಳಿಗಾಗಿ ನೊಂದವನೇ.

ಸಂಜೆ ಬಾಡಿದ ಹೂಗಳನ್ನು ತೆಗೆಯಲು ನನಗೆ ಹೇಳಿದರು. ತಟ್ಟೆಯಲ್ಲಿ ಕಂದು ಬಣ್ಣಕ್ಕೆ ತಿರುಗಿದ್ದ ಆ ಮಡಿಕೆಯ ಗುರುತಿನಿಂದಲೇ ನನ್ನ ಕಮಲ ತಿಳಿಯಿತು. "ನನ್ನದು" ಎಂಬ ಮಾತು ಆಗಲೂ ಎದ್ದಿತು. ಈ ಸಲ ಅದು ಎದ್ದುದನ್ನು ಕಂಡೆ, ಸ್ವಲ್ಪ ಹೊತ್ತು ನಿಂತುದನ್ನು ಕಂಡೆ, ಅಡಗಿದುದನ್ನೂ ಕಂಡೆ. ಬೆರಳಲ್ಲಿ ಕಂಪು ಇನ್ನೂ ಇತ್ತು.