ಓಂಕಲೊ: ಬಂಡೆಯೊಳಗೆ 430 ಮೀಟರ್

ಫಿನ್ಲೆಂಡಿನ ಪಶ್ಚಿಮ ಕರಾವಳಿಯ ರೌಮಾ ಪಟ್ಟಣದಿಂದ ಉತ್ತರಕ್ಕೆ ಕಾರಿನಲ್ಲಿ ಅರ್ಧ ಗಂಟೆ ಹೋದರೆ ಓಲ್ಕಿಲುವೊಟೊ ದ್ವೀಪ. ಹಿಮಯುಗದ ಭಾರ ಇಳಿದ ಈ ನೆಲ ಇಂದಿಗೂ ವರ್ಷಕ್ಕೆ ಸುಮಾರು 6 ಮಿ.ಮೀ. ಮೇಲೇಳುತ್ತಿದೆ. ಇಲ್ಲಿನ ಮೂರು ಅಣು ರಿಯಾಕ್ಟರುಗಳ ಆಸುಪಾಸಿನಲ್ಲೇ ಓಂಕಲೊ ಸುರಂಗದ ಬಾಯಿ; ಬಳಸಿದ ಅಣು ಇಂಧನವನ್ನು ಬಂಡೆಯೊಳಗೆ ಶಾಶ್ವತವಾಗಿ ಹೂಳಲು ಕೊರೆದ ಜಾಗವಿದು. ಅಲ್ಲಿಂದ ಹತ್ತಕ್ಕೆ ಒಂದರ ಇಳಿಜಾರಿನಲ್ಲಿ ದಾರಿ ಸುತ್ತಿಕೊಂಡು ಕೆಳಗಿಳಿಯುತ್ತದೆ. ಬಂಡೆಗೆ 190 ಕೋಟಿ ವರ್ಷ ವಯಸ್ಸು.

ಆದರೆ ಇಲ್ಲಿಗೆ ಬರುವವರು ಬಂಡೆಗಿಂತ ಮೊದಲು ತಾರೀಖುಗಳನ್ನು ನೋಡಬೇಕು. 2000ದ ಹೊತ್ತಿಗೆ ಜಾಗ ಗೊತ್ತುಮಾಡಬೇಕೆಂದು ಸರ್ಕಾರ 1983ರಲ್ಲೇ ಗಡುವು ಹಾಕಿತ್ತು. ಬಳಸಿದ ಇಂಧನ ದೇಶದಾಚೆ ಹೋಗಕೂಡದೆಂದು 1994ರಲ್ಲಿ ಕಾಯ್ದೆ ತಿದ್ದಿದರು. ವಿಲೇವಾರಿಯ ದುಡ್ಡನ್ನು ವಿದ್ಯುತ್ ಕಂಪನಿಗಳು ಸರ್ಕಾರಿ ನಿಧಿಗೆ ಮುಂಚಿತವಾಗಿಯೇ ಕಟ್ಟಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಬೇಡ ಎನ್ನುವ ಹಕ್ಕು ಸ್ಥಳೀಯ ಆಡಳಿತಕ್ಕಿತ್ತು. 2000ದ ಜನವರಿಯಲ್ಲಿ ದ್ವೀಪ ಸೇರಿರುವ ಎವ್ರಾಯೊಕಿ ಊರಿನ ಸಭೆ 20–7 ಮತಗಳಿಂದ ಒಪ್ಪಿದ ಮೇಲೆಯೇ ವಿಷಯ ಸಂಸತ್ತಿಗೆ ಹೋಯಿತು; ಅಲ್ಲಿ 2001ರಲ್ಲಿ 159–3. ಅಗೆತ ಶುರುವಾದದ್ದು 2004ರಲ್ಲಿ. ಈ ಕ್ರಮ ತಲೆಕೆಳಗಾಗಿದ್ದರೆ ಇಷ್ಟು ದೂರ ಬರುತ್ತಿರಲಿಲ್ಲ.

ಹತ್ತಿರದಿಂದ ನೋಡಬೇಕಾದ್ದು ಬಳಸಿದ ಇಂಧನ ತುಂಬುವ ತಾಮ್ರದ ಡಬ್ಬಿ. ಅಡ್ಡಳತೆ ಒಂದು ಮೀಟರಿಗೆ ತುಸು ಹೆಚ್ಚು, ಗೋಡೆ 5 ಸೆಂ.ಮೀ. ದಪ್ಪ, ಒಳಗೆ ಭಾರ ತಡೆಯುವ ಎರಕದ ಕಬ್ಬಿಣ. ಸುರಂಗದ ನೆಲದಲ್ಲಿ ಸುಮಾರು 8 ಮೀಟರ್ ಆಳದ ಗುಂಡಿ ಕೊರೆದು, ಡಬ್ಬಿ ಇಳಿಸಿ, ಸುತ್ತಲೂ ಬೆಂಟೊನೈಟ್ ಜೇಡಿ ತುಂಬುತ್ತಾರೆ. ನೀರು ತಾಗಿದರೆ ಈ ಜೇಡಿ ಉಬ್ಬಿ ಸಂದುಗೊಂದುಗಳನ್ನು ಮುಚ್ಚುತ್ತದೆ. ಆದರೆ ಗುಂಡಿಯಲ್ಲಿ ಒರತೆ ಜೋರಾಗಿದ್ದರೆ ಉಬ್ಬುವ ಮೊದಲೇ ಕೊಚ್ಚಿಹೋಗುತ್ತದೆ. ಅಂಥ ಗುಂಡಿಯನ್ನು ಕೈಬಿಡಬೇಕು. ಶಾಖ 100 ಡಿಗ್ರಿ ದಾಟಿದರೆ ಜೇಡಿಯ ಗುಣ ಕೆಡುವ ಭಯ. ಆದ್ದರಿಂದಲೇ ಇಂಧನವನ್ನು ಮೊದಲು ದಶಕಗಳ ಕಾಲ ನೀರಿನ ಕೊಳದಲ್ಲಿ ತಣಿಸುತ್ತಾರೆ, ಗುಂಡಿಗಳ ನಡುವೆ ಅಂತರ ಬಿಡುತ್ತಾರೆ. ತಾಮ್ರಕ್ಕೆ ಶತ್ರು ಅಂತರ್ಜಲದ ಸಲ್ಫೈಡ್. ಸವೆತದ ಲೆಕ್ಕದ ಬಗ್ಗೆ ಸ್ವೀಡನ್ನಿನ ಕೆಲ ವಿಜ್ಞಾನಿಗಳು ಎತ್ತಿದ ತಕರಾರನ್ನು ಹಗುರವಾಗಿ ಕಾಣುವಂತಿಲ್ಲ.

ಭಾರತದ ನೀತಿ ಬೇರೆ: ಬಳಸಿದ ಇಂಧನವನ್ನು ಮರುಸಂಸ್ಕರಿಸಿ, ಉಳಿದ ತೀವ್ರ ವಿಕಿರಣದ ತ್ಯಾಜ್ಯವನ್ನು ಗಾಜಿನಲ್ಲಿ ಬೆರೆಸಿಡುವುದು. ಶಾಖಕ್ಕೆ ಬಂಡೆ ಹೇಗೆ ವರ್ತಿಸುತ್ತದೆಂಬ ಪ್ರಯೋಗವಂತೂ ಕೋಲಾರದ ಚಿನ್ನದ ಗಣಿಯಲ್ಲಿ, ಸುಮಾರು ಸಾವಿರ ಮೀಟರ್ ಆಳದಲ್ಲಿ, ಹಿಂದೆಯೇ ನಡೆದಿದೆ.

ಓಂಕಲೊಗೆ ಸುಮಾರು 6,500 ಟನ್ ಯುರೇನಿಯಂ ಇಳಿಯಬೇಕು. ನೂರು ವರ್ಷದ ಕೆಲಸ. ಕೊನೆಯ ಸುರಂಗವನ್ನೂ ಮುಚ್ಚಿ, ಆ ಕೆಲಸಕ್ಕೆ ಅಧಿಕಾರಿಗಳ ಒಪ್ಪಿಗೆ ಸಿಕ್ಕಿದ ಮೇಲೆ ತ್ಯಾಜ್ಯದ ಒಡೆತನ, ಹೊಣೆ ಎರಡೂ ಕಾಯ್ದೆಯಂತೆ ಸರ್ಕಾರಕ್ಕೆ ಸೇರುತ್ತವೆ.