ಗೌತಮಿಯ ಚೀಲ

ಚೈತ್ರದ ಹುಣ್ಣಿಮೆ ಹತ್ತಿರವಾಗುತ್ತಿದ್ದಂತೆ ನಮ್ಮ ಪೇಟೆಯ ಬೀದಿಗಳಲ್ಲಿ ದೀಪದ ಸರ ಕಟ್ಟುವವರ ಏಣಿಗಳು ಕಾಣಿಸಿಕೊಳ್ಳುತ್ತವೆ. ಧರ್ಮರಾಯಸ್ವಾಮಿ ಗುಡಿ ನಮ್ಮ ಮನೆಯಿಂದ ಎರಡು ತಿರುವು ಆಚೆ. ನಾವು ಕರಗ ನಡೆಸುವ ತಿಗಳ ಸಮುದಾಯದವರಲ್ಲ. ಆದರೂ ಮದುವೆಯಾಗಿ ಈ ಮನೆಗೆ ಕಾಲಿಟ್ಟ ವರ್ಷದಿಂದ ಬೆಂಗಳೂರು ಕರಗ ನನಗೆ ಯುಗಾದಿಯಷ್ಟೇ ಸ್ವಂತದ ಹಬ್ಬ. ಆ ರಾತ್ರಿ ಅತ್ತೆ ಮಲಗಲು ಬಿಡುತ್ತಿರಲಿಲ್ಲ. ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ತಟ್ಟೆಯಲ್ಲಿ ಕರ್ಪೂರ, ನಿಂಬೆಹಣ್ಣು, ಬಿಡಿ ಮಲ್ಲಿಗೆ ಇಟ್ಟುಕೊಂಡು ಕಾಯಬೇಕು. ನನ್ನ ಮಗ ಕೂಸಾಗಿದ್ದಾಗ ಅವನನ್ನು ಎತ್ತಿಕೊಂಡು ಕಾದಿದ್ದೇನೆ. ದೊಡ್ಡವನಾದ ಮೇಲೆ ಅವನೇ ಗೆಳೆಯರೊಂದಿಗೆ ಓಡಿ ಹೋಗಿ, ಕರಗ ಯಾವ ಬೀದಿಗೆ ಬಂತು ಎಂದು ಸುದ್ದಿ ತರುತ್ತಿದ್ದ.

2019ರ ಜುಲೈನಲ್ಲಿ ಅವನು ಹೋದ. 19 ವರ್ಷ. ಕಾಲೇಜಿನಿಂದ ಬರುತ್ತಿದ್ದವನ ಬೈಕಿಗೆ ಸರಕಿನ ಟೆಂಪೊ ಗುದ್ದಿತು. ಓಡಿಸುತ್ತಿದ್ದ ಹುಡುಗನಿಗೆ 22. ಎರಡು ರಾತ್ರಿ ಕಣ್ಣು ಮುಚ್ಚದೆ ಗಾಡಿ ಓಡಿಸಿದ್ದನಂತೆ. ತೂಕಡಿಸಿದ. ಇದಕ್ಕಿಂತ ಹೆಚ್ಚಿಗೆ ಆ ಸಂಜೆಯ ಬಗ್ಗೆ ಬರೆಯಲಾರೆ.

ಸಮಾಧಾನ ಹೇಳಲು ಬಂದವರೆಲ್ಲ ಒಂದೇ ಮಾತು ಹೇಳಿದರು: ಋಣ ಅಷ್ಟೇ ಇತ್ತಮ್ಮ. ಯಾರ ಋಣ, ಯಾರಿಗೆ ಎಂದು ಕೇಳಬೇಕೆನಿಸುತ್ತಿತ್ತು. ದೇವರಿಗೆ ಒಳ್ಳೆಯವರೇ ಬೇಕಾಗುತ್ತಾರೆ ಎಂದೂ ಒಬ್ಬರು ಹೇಳಿದರು. ಅವತ್ತಿನಿಂದ ದೇವರ ಮನೆಗೆ ಬೆನ್ನು ಹಾಕಿ ಕುಳಿತು ಊಟ ಮಾಡತೊಡಗಿದೆ. ದೀಪ ಹಚ್ಚುವ ಕೆಲಸ ಯಜಮಾನರದಾಯಿತು. ಮರುವರ್ಷದ ಕರಗಕ್ಕೆ ಬಾಗಿಲು ತೆರೆಯುವುದಿಲ್ಲ ಎಂದು ಮೊದಲೇ ನಿಶ್ಚಯಿಸಿಬಿಟ್ಟಿದ್ದೆ. ಆದರೆ 2020ರ ಏಪ್ರಿಲ್ ಹೊತ್ತಿಗೆ ಊರೇ ಬಾಗಿಲು ಹಾಕಿಕೊಂಡಿತ್ತು. ಕೊರೊನಾ ಕಾರಣದಿಂದ ಕರಗ ಗುಡಿಯ ಆವರಣ ದಾಟಲಿಲ್ಲ, ನಮ್ಮ ಬೀದಿಗೆ ಬರಲಿಲ್ಲ. ದೇವಿಯ ಮೇಲೆ ಮುನಿಸಿಕೊಂಡು ಕುಳಿತವಳಿಗೆ, ಅವಳು ಬಾರದೇ ಹೋದದ್ದಕ್ಕೆ ಒಳಗೊಳಗೇ ನೋವಾಯಿತು. ಮನಸ್ಸಿನ ಈ ತರಹದ ಎಡವಟ್ಟಿಗೆ ಏನೆನ್ನಬೇಕೋ.

ಕರಗವೆಂದರೆ ದ್ರೌಪದಿ. ಹೊರಗಿನವರಿಗೆ ಅದು ಮಲ್ಲಿಗೆಯ ಗೋಪುರ ಹೊತ್ತು ನಡೆಯುವ ಪೂಜಾರಿ, ಬರಿಮೈಯಲ್ಲಿ ಕತ್ತಿ ಹಿಡಿದು ಅವರನ್ನು ಸುತ್ತುವರಿದ ವೀರಕುಮಾರರು, ಕಾಟನ್‌ಪೇಟೆಯಲ್ಲಿ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಿ ಬರುವ ಸಂಪ್ರದಾಯ, ಜನಜಂಗುಳಿ. ನಾನೂ ಇಪ್ಪತ್ತೈದು ವರ್ಷ ಹಾಗೆಯೇ ನೋಡಿದವಳು. ತುಂಬಿದ ಸಭೆಯಲ್ಲಿ ಕೃಷ್ಣನನ್ನು ಕರೆದವಳು, ಮುಡಿ ಬಿಚ್ಚಿದವಳು, ಆದಿಶಕ್ತಿ ಎಂದು ಕೈಮುಗಿದೆ. ಅವಳು ಐದು ಮಕ್ಕಳನ್ನು ಒಂದೇ ರಾತ್ರಿ ಕಳೆದುಕೊಂಡ ತಾಯಿ ಎಂಬುದು ತಿಳಿದಿತ್ತು, ಹೊಳೆದಿರಲಿಲ್ಲ.

ಪ್ರತಿವಿಂಧ್ಯ, ಸುತಸೋಮ, ಶ್ರುತಕರ್ಮ, ಶತಾನೀಕ, ಶ್ರುತಸೇನ. ಅಭಿಮನ್ಯುವಿನ ಹೆಸರು ತಿಳಿಯದ ಮಗು ನಮ್ಮಲ್ಲಿಲ್ಲ. ಈ ಐವರು ಮಾತ್ರ ಎಲ್ಲರ ಬಾಯಲ್ಲಿ ಬರಿಯ ಉಪಪಾಂಡವರು. ಅವರನ್ನು ಹೆತ್ತವಳು ಒಬ್ಬೊಬ್ಬನನ್ನೂ ಹೆಸರು ಹಿಡಿದೇ ಕರೆದಿರುತ್ತಾಳಲ್ಲವೇ?

ಮಹಾಭಾರತದ ಆ ಭಾಗವನ್ನು ಮತ್ತೆ ಓದಿಸಿಕೊಂಡೆ. ಮಗಳು ಓದುತ್ತಿದ್ದಳು, ನಾನು ಸೊಪ್ಪು ಬಿಡಿಸುತ್ತಿದ್ದೆ. ಯುದ್ಧ ಮುಗಿದ ರಾತ್ರಿ ಶಿಬಿರದಲ್ಲಿ ಉಳಿಯುವುದು ಬೇಡವೆಂದು ಕೃಷ್ಣ ಐವರು ಪಾಂಡವರನ್ನು ಓಘವತಿ ನದಿಯ ದಡಕ್ಕೆ ಕರೆದೊಯ್ಯುತ್ತಾನೆ. ಮಕ್ಕಳು ಶಿಬಿರದಲ್ಲೇ ಮಲಗುತ್ತಾರೆ. ದ್ರೋಣರ ಮಗ ಅಶ್ವತ್ಥಾಮ ಕೊಲ್ಲಲು ಬರುವುದು ಅಲ್ಲಿಗೆ. ನನ್ನ ಕೈ ನಿಂತುಹೋಯಿತು. ಹಾಗಾದರೆ ಕೃಷ್ಣನಿಗೆ ಗೊತ್ತಿತ್ತೇ? ಗಂಡಂದಿರನ್ನು ಉಳಿಸಿದವನಿಗೆ ಮಕ್ಕಳನ್ನು ಎಬ್ಬಿಸಿ ಜೊತೆಗೆ ಕರೆದುಕೊಂಡು ಹೋಗಲು ಏನಾಗಿತ್ತು? ಸೀರೆ ಅಕ್ಷಯವಾಗಿಸಿದವನು ಅವನೇ ಅಲ್ಲವೇ? ಇದಕ್ಕೆ ಪಂಡಿತರಲ್ಲಿ ಉತ್ತರವಿರಬಹುದು. ನನಗೆ ಬೇಕಾದದ್ದು ಉತ್ತರವಾಗಿರಲಿಲ್ಲ. ಇದೇ ಪ್ರಶ್ನೆ ಇಟ್ಟುಕೊಂಡು ಇನ್ನೊಬ್ಬಳು ಬದುಕಿದ್ದಳು, ಅವಳನ್ನು ನಾವು ದೇವಿ ಎಂದು ಹೊತ್ತು ತಿರುಗುತ್ತೇವೆ ಎಂಬುದು ಸಾಕಾಗಿತ್ತು.

ಮುಂದಿನದು ಇನ್ನೂ ಕಷ್ಟ. ಭಾಗವತದಲ್ಲಿ ಅರ್ಜುನ ಅಶ್ವತ್ಥಾಮನನ್ನು ಪಶುವಿನಂತೆ ಹಗ್ಗದಲ್ಲಿ ಕಟ್ಟಿ ತಂದು ಅವಳ ಮುಂದೆ ನಿಲ್ಲಿಸುತ್ತಾನೆ. ಅವಳು ಬಿಟ್ಟುಬಿಡಿ ಎನ್ನುತ್ತಾಳೆ. ಮಕ್ಕಳು ಸತ್ತು ನಾನು ಅಳುತ್ತಿರುವಂತೆ ಇವನ ತಾಯಿ ಗೌತಮಿ ಅಳುವುದು ಬೇಡ ಎನ್ನುತ್ತಾಳೆ. ಹರಿಕಥೆಯಲ್ಲಿ ಈ ಸಂದರ್ಭ ಬಂದಾಗ ಹಿಂದೆ ನಾನೂ ಸೆರಗಿನಲ್ಲಿ ಕಣ್ಣೊರೆಸಿಕೊಂಡಿದ್ದೇನೆ. ಈಗ ಕೇಳಿದಾಗ ಸಿಟ್ಟು ಬಂತು. ಹೆಣಗಳು ಕಣ್ಣೆದುರಿಗಿರುವಾಗ ಯಾವ ತಾಯಿಯ ಬಾಯಿಂದ ಹಾಗೆ ಬರುತ್ತದೆ?

ಮಹಾಭಾರತದ ಸೌಪ್ತಿಕ ಪರ್ವದ ದ್ರೌಪದಿ ಬೇರೆ. ಅವಳು ಅನ್ನನೀರು ಬಿಟ್ಟು ಕುಳಿತುಬಿಡುತ್ತಾಳೆ. ಅಶ್ವತ್ಥಾಮನ ಹುಟ್ಟುಮಣಿ ತಲೆಯಿಂದ ಕಿತ್ತು ಬರುವವರೆಗೆ ಏಳುವುದಿಲ್ಲ. ಭೀಮ ಅದನ್ನು ತಂದುಕೊಟ್ಟಾಗ ಅವಳು ಹೇಳುವುದು, ಗುರುವಿನ ಮಗ ನನಗೂ ಗುರುವೇ, ನನಗೆ ಋಣ ತೀರುವುದಷ್ಟೇ ಬೇಕಿತ್ತು ಎಂದು. ಮತ್ತೆ ಅದೇ ಋಣ! ಆದರೆ ಈ ಸಲ ಆ ಮಾತು ಚುಚ್ಚಲಿಲ್ಲ. ಇವಳು ಕ್ಷಮಿಸಿದಳು ಎನ್ನಲಾಗದು, ಎದ್ದು ನಿಂತಳು ಎನ್ನಬಹುದು. ನನಗೆ ಹತ್ತಿರದವಳು ಇವಳೇ.

ನನ್ನ ಗೌತಮಿ ಮನೆಗೇ ಬಂದಿದ್ದಳು. ಅಪಘಾತವಾಗಿ ಮೂರು ತಿಂಗಳಿಗೆ, ಮಧುಗಿರಿ ಕಡೆಯ ಹಳ್ಳಿಯಿಂದ, ಬಟ್ಟೆಯ ಚೀಲದಲ್ಲಿ ಕಡಲೆಕಾಯಿ ತುಂಬಿಕೊಂಡು. ಹೊಸ್ತಿಲ ಆಚೆ ಕುಳಿತು, ನನ್ನ ಮಗನನ್ನು ಬಿಡಿಸಿಕೊಡಿ ತಾಯಿ ಎಂದಳು. ನಾನು ಒಂದು ಮಾತೂ ಆಡದೆ ಬಾಗಿಲು ಹಾಕಿಕೊಂಡೆ. ಬಹಳ ಹೊತ್ತಿನ ಮೇಲೆ ಎದ್ದು ಹೋದಳು, ಚೀಲ ಅಲ್ಲೇ ಬಿಟ್ಟು. ಕಡಲೆಕಾಯಿ ಯಾರೂ ಮುಟ್ಟದೆ ಹುಳ ಹಿಡಿಯಿತು. ಯಜಮಾನರು ಎಸೆದರು. ಚೀಲವನ್ನು ನಾನೇ ಯಾಕೋ ಮಡಿಸಿ ಅಟ್ಟದ ಮೇಲಿಟ್ಟೆ.

ವಕೀಲರನ್ನು ಒಮ್ಮೆ ಕೇಳಿದೆ, ನಾನು ಬೇಡವೆಂದರೆ ಕೇಸು ನಿಲ್ಲುತ್ತದೆಯೇ ಎಂದು. ಇಲ್ಲವೆಂದರು. ನಿರ್ಲಕ್ಷ್ಯದಿಂದ ಸಾವು ತಂದದ್ದು ಆಗಿನ ದಂಡಸಂಹಿತೆಯ 304ಎ ಕಲಮಿಗೆ ಸೇರುತ್ತಿತ್ತು, ಅದು ರಾಜಿಯಾಗುವ ಅಪರಾಧವಾಗಿರಲಿಲ್ಲ, ವಾದಿ ಸರ್ಕಾರ, ಹೆಚ್ಚೆಂದರೆ ಎರಡು ವರ್ಷ ಶಿಕ್ಷೆ. ನನಗೆ ನಿರಾಳವಾಯಿತು. ಕ್ಷಮಿಸುವ ಅಧಿಕಾರವೇ ಇಲ್ಲವೆಂದ ಮೇಲೆ ಕ್ಷಮಿಸಲಿಲ್ಲವೆಂಬ ಪಾಪವೂ ಇಲ್ಲ. ಈ ಲೆಕ್ಕ ಕೆಲವು ತಿಂಗಳು ನಿದ್ದೆ ಕೊಟ್ಟಿತು. ಆಮೇಲೆ ಅದೂ ಹುಳ ಹಿಡಿಯಿತು. ಬಿಡಿಸುವುದು ನನ್ನ ಕೈಯಲ್ಲಿಲ್ಲ ಎಂದು ಆ ಹೆಂಗಸಿಗೆ ಗೊತ್ತಿದ್ದರೂ ಅವಳು ಬರುತ್ತಿದ್ದಳೇನೋ ಎಂಬ ಯೋಚನೆ ಬಂತು. ಅಶ್ವತ್ಥಾಮ ಮಲಗಿದ್ದವರನ್ನು ಹುಡುಕಿಕೊಂಡು ಹೋಗಿ ಕೊಂದ. ಇಲ್ಲಿ ಕೊಂದವನೇ ನಿದ್ದೆಯಲ್ಲಿದ್ದ. ದ್ರೌಪದಿಗಿಂತ ನನ್ನ ಕೆಲಸ ಸುಲಭವಾಗಬೇಕಿತ್ತು. ಆಗಲಿಲ್ಲ.

2022ರಲ್ಲಿ ಕರಗ ಮತ್ತೆ ಬೀದಿಗಿಳಿಯಿತು. ಆ ವರ್ಷವೂ ಮರುವರ್ಷವೂ ಕಿಟಕಿಯ ಸಂದಿಯಿಂದ ನೋಡಿದೆ. 2024ರ ಹುಣ್ಣಿಮೆಗೆ ಹೊರಗೆ ಬಂದು ನಿಂತೆ. ಭಕ್ತಿ ಮರಳಿ ಬಂತೆಂದಲ್ಲ, ಕಿಟಕಿಯ ಹತ್ತಿರ ನಿಂತು ಕಾಲು ನೋಯುತ್ತಿತ್ತು, ಜಗುಲಿಯಲ್ಲಾದರೆ ಕೂರಬಹುದು. ಬೆಳಗಿನ ಜಾವ ಮೊದಲು ಮಲ್ಲಿಗೆಯ ವಾಸನೆ ಬಂತು, ಆಮೇಲೆ ಗೋವಿಂದ ಗೋವಿಂದ ಎಂಬ ಕೂಗು. ವೀರಕುಮಾರರು ದಡದಡನೆ ದಾಟಿದರು, ನನ್ನ ಮಗನ ವಯಸ್ಸಿನವರು, ಅವನಿಗಿಂತ ಚಿಕ್ಕವರು. ತಿಮಿರಾಸುರನನ್ನು ಎದುರಿಸಲು ದ್ರೌಪದಿಯೇ ಇವರನ್ನು ಸೃಷ್ಟಿಸಿದಳು, ಬಿಟ್ಟುಹೋಗಬೇಡ ತಾಯಿ ಎಂದು ಇವರು ಬೇಡಿಕೊಂಡದ್ದಕ್ಕೆ ವರ್ಷಕ್ಕೊಮ್ಮೆ ಬರುತ್ತಾಳೆ ಎಂದು ಕಥೆ. ಐವರು ಹೋದರೂ ಸಾವಿರಾರು ಮಕ್ಕಳು ಸಿಕ್ಕರಲ್ಲ ಎಂದು ಪಕ್ಕದ ಮನೆಯವರು ಹೇಳಿದರು. ಸಿಕ್ಕರು ನಿಜ. ಆ ಐವರ ಬದಲಿಗಲ್ಲ.

ಕರಗ ಹೊತ್ತವರು ಅರಿಶಿನ ಬಣ್ಣದ ಸೀರೆಯಲ್ಲಿ, ಕೈತುಂಬ ಬಳೆಯಲ್ಲಿ ನನ್ನ ಮುಂದೆ ಹಾದುಹೋದರು. ಆ ಬಳೆ, ತಾಳಿ ಅವರ ಹೆಂಡತಿಯದು, ಹಬ್ಬ ಮುಗಿಯುವವರೆಗೆ ಆಕೆ ಕರಗವನ್ನು ನೋಡುವಂತಿಲ್ಲ ಎಂದು ಅತ್ತೆ ಹೇಳುತ್ತಿದ್ದರು. ಇಡೀ ಪೇಟೆ ಬೀದಿಯಲ್ಲಿರುವ ರಾತ್ರಿ ಎಲ್ಲೋ ಒಂದು ಕೋಣೆಯಲ್ಲಿ ಒಬ್ಬಳು ಒಳಗೇ ಕುಳಿತಿರುತ್ತಾಳೆ. ನನಗೆ ಯಾಕೋ ಅವಳ ಹಿಂದೆಯೇ ಕಡಲೆಕಾಯಿ ಚೀಲದವಳ ನೆನಪಾಯಿತು. ಹೊಸ್ತಿಲ ಆಚೆ ಅವಳು ಕುಳಿತ ಜಾಗದಲ್ಲೇ ನಾನು ಈಗ ಕುಳಿತಿದ್ದೆ. ಕೈಯಲ್ಲಿದ್ದ ಹೂವನ್ನು ಎರಚುವುದು ಮರೆತೇಹೋಯಿತು.

ಬೆಳಗಾದ ಮೇಲೆ ಅಟ್ಟದಿಂದ ಚೀಲ ತೆಗೆದು ಒಗೆದು ಹಾಕಿದೆ. ಅದರ ಮೇಲೆ ಮಧುಗಿರಿಯ ಬಟ್ಟೆ ಅಂಗಡಿಯೊಂದರ ಹೆಸರು ಅರ್ಧ ಅಳಿಸಿದೆ. ಒಣಗಿದ ಮೇಲೆ ಎರಡು ನಿಂಬೆಹಣ್ಣು, ಒಂದು ಹಿಡಿ ಮಲ್ಲಿಗೆ ಅದರೊಳಗಿಟ್ಟೆ. ಏನು ಹೇಳಬೇಕೆಂದು ತಿಳಿದಿಲ್ಲ. ಹೋಗುತ್ತೇನೆಂದೂ ಅಲ್ಲ. ಮಧುಗಿರಿಗೆ ಬಸ್ಸು ಎಷ್ಟು ಹೊತ್ತಿಗೆ ಎಂದು ಮಗಳನ್ನು ಕೇಳಿದೆ, ಅಷ್ಟೇ.